ಮಗನ ಮಾತು ಬದಲಾದಾಗ ಮನೆಯವರು ಮಾಡಬೇಕಾದ್ದು

ಹೋದ ವರ್ಷದ ಮೇ ತಿಂಗಳು. ಕಲಬುರಗಿ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಹನ್ನೆರಡರ ಮೇಲೆ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಅಂಥ ಹೊತ್ತಲ್ಲಿ ಒಬ್ಬರು ಬಾಗಿಲು ಬಡಿದರು. ಯಾದಗಿರಿ ಕಡೆಯವರು, ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳ ಕಾಕಾ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಮೊಬೈಲ್. ಮೊಬೈಲ್ ಅವರದಲ್ಲ, ಮಗನದು.

"ಅಕ್ಕೋರೆ, ಇದರಾಗ ಏನೇನ್ ಬರ್ದಾನ ನೋಡ್ರಿ. ನನ್ನ ಮಗಗ ತಲಿ ಕೆಟ್ಟದೇನ್ರಿ?"

ನೋಡಿದೆ. ಇಪ್ಪತ್ತು ವರ್ಷದ ಹುಡುಗ. ಇನ್ನೊಂದು ಸಮುದಾಯದವರನ್ನು ಹುಳ ಅಂತ ಬರೆದಿದ್ದ. "ಒಂದು ದಿನ ಸ್ವಚ್ಛ ಮಾಡ್ಬೇಕು" ಅಂತಲೂ ಬರೆದಿದ್ದ. ಹುಡುಗ ಯಾವ ಸಮುದಾಯದವನು, ಬರೆದದ್ದು ಯಾರ ಬಗ್ಗೆ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ "ಹೌದು, ಅವರೇ ಹಂಗೆ" ಅಂತೀರಿ. ಉಳಿದರ್ಧ ಜನ ಇಲ್ಲಿಗೇ ಓದೋದು ಬಿಡ್ತೀರಿ. ಹಾಗೆ ಯಾಕೆ ಆಗುತ್ತೆ ಅನ್ನೋದೂ ಈ ಬರಹದೊಳಗೇ ಇದೆ.

ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ 29 ವರ್ಷ ಸೈಕಾಲಜಿ ಪಾಠ ಮಾಡಿದವಳು. ಗುಂಪಿನ ಮನಸ್ಸು, ಹಿಂಸೆ, ಭಯೋತ್ಪಾದನೆ, ಎಲ್ಲ ಸೇರಿ ಸಿಲೆಬಸ್‌ನಲ್ಲಿ ನಾಲ್ಕು ಪುಟ. ಪರೀಕ್ಷೆಗೆ ಹತ್ತು ಮಾರ್ಕು. ಆ ನಾಲ್ಕು ಪುಟವನ್ನೇ ತಂದೆತಾಯಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಉಪಯೋಗ ಆಗೋ ಹಾಗೆ ಬಿಡಿಸಿ ಹೇಳ್ತೀನಿ.

ಮೊದಲೇ ಒಂದು ಮಾತು. ಹುಡುಗನ ಫೋನಿನಲ್ಲೋ ಮಾತಿನಲ್ಲೋ ಆಯುಧ, ಸ್ಫೋಟಕ, ಇಂಥ ಜಾಗ, ಇಂಥ ದಿನ ಅನ್ನೋದು ಬಂದರೆ ಕೂತು ಮಾತಾಡೋಕೆ ಹೋಗಬೇಡಿ. 112ಕ್ಕೆ ಫೋನ್ ಮಾಡಿ. ಕೆಳಗೆ ಬರೆದಿರೋದೆಲ್ಲ ಅದಕ್ಕಿಂತ ಬಹಳ ಮುಂಚಿನ ಹಂತದ್ದು.

'ತಲಿ ಕೆಟ್ಟದ' ಅನ್ನಬೇಡಿ

ಆ ಕಾಕಾನಿಗೆ ನಾನು ಹೇಳಿದ ಮೊದಲ ಉತ್ತರ: ಇಲ್ಲ, ಕೆಟ್ಟಿಲ್ಲ. ಅವರಿಗೆ ಸಮಾಧಾನ ಆಗಲಿಲ್ಲ, ಇನ್ನಷ್ಟು ಹೆದರಿದರು. ಕಾಯಿಲೆ ಅಂದಿದ್ದರೆ ಗುಳಿಗೆ ಕೊಡಿಸಬಹುದಿತ್ತು.

ಭಯೋತ್ಪಾದಕರನ್ನು ಓದಿ ನೋಡಿದವರು ಬಹಳ ಹಿಂದೆಯೇ ಇದನ್ನು ಹೇಳಿದ್ದಾರೆ. ಅಮೆರಿಕದ ಮಾರ್ತಾ ಕ್ರೆನ್‌ಶಾ 1981ರಲ್ಲೇ, ಇವರಲ್ಲಿ ಎದ್ದು ಕಾಣೋದು ಹುಚ್ಚಲ್ಲ, ಇವರು ಎಲ್ಲರಂಥವರೇ ಅನ್ನೋದು ಅಂತ ಬರೆದರು. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ಸಾರಿನ್ ವಿಷ ಬಿಟ್ಟವರು ಐದು ಜನ. ಅದರಲ್ಲಿ ಒಬ್ಬ ಹೃದಯದ ಆಪರೇಷನ್ ಮಾಡೋ ಡಾಕ್ಟರ್. ಉಳಿದ ನಾಲ್ವರೂ ವಿಜ್ಞಾನ, ತಂತ್ರಜ್ಞಾನ ಓದಿದವರೇ.

ಮನೆಯಲ್ಲಿ ಇದು ಯಾಕೆ ಮುಖ್ಯ ಅಂದರೆ, ನೀವು ಹುಚ್ಚ ಅಂದ ಕೂಡಲೇ ಹುಡುಗನ ಕೈಗೆ ಒಂದು ತಕ್ಕಡಿ ಕೊಟ್ಟ ಹಾಗೆ. ಮನೆಯಲ್ಲಿ ನನ್ನ ಹುಚ್ಚ ಅಂತಾರೆ, ಅಲ್ಲಿ ಹುಲಿ ಅಂತಾರೆ. ಯಾವ ಕಡೆ ಹೋಗ್ತಾನೆ ಹೇಳಿ. ನಿಜವಾಗಿಯೂ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾನೆ, ಸಾಯೋ ಮಾತಾಡ್ತಾನೆ ಅಂದರೆ ಅದು ಬೇರೆ. ಅದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಚಿಕ್ಕಿ ಆಟ

ದ್ವೇಷಕ್ಕೆ ದೊಡ್ಡ ಕಾರಣ ಬೇಕು ಅಂತ ನಾವು ಅಂದುಕೊಂಡಿರ್ತೀವಿ. ಬೇಡ. ಹೆನ್ರಿ ತಾಜ್‌ಫೆಲ್ ಅಂತ ಒಬ್ಬರಿದ್ದರು. ಪೋಲೆಂಡಿನ ಯಹೂದಿ, ನಾಜಿಗಳ ಕಾಲದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡವರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14–15 ವರ್ಷದ ಶಾಲಾ ಹುಡುಗರನ್ನು ಸುಮ್ನೆ ಎರಡು ಗುಂಪು ಮಾಡಿದರು. ಒಂದು ಸಲ, ನಿಮಗೆ ಇಷ್ಟವಾದ ಚಿತ್ರ ಪೌಲ್ ಕ್ಲೀ ಅನ್ನೋ ಕಲಾವಿದನದು, ನಿಮಗೆ ಕ್ಯಾಂಡಿನ್‌ಸ್ಕಿ ಅನ್ನೋ ಕಲಾವಿದನದು, ಅಷ್ಟೇ. ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಹುಡುಗರಿಗೆ ಗೊತ್ತಿಲ್ಲ. ಆದರೂ ದುಡ್ಡು ಹಂಚಿ ಅಂದಾಗ ತಮ್ಮವರಿಗೆ ಜಾಸ್ತಿ ಹಂಚಿದರು. 1970ರಲ್ಲಿ ಅಚ್ಚಾದ ಪ್ರಯೋಗ ಇದು.

ನಾನು ಇದನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಮಾಡಿಸುತ್ತಿದ್ದೆ. ನೀವೂ ಹಾಸ್ಟೆಲ್‌ನಲ್ಲಿ ಮಾಡಿಸಬಹುದು. ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಮಡಚಿದ ಚೀಟಿ. ಅರ್ಧಕ್ಕೆ 'ಜೋಳ', ಅರ್ಧಕ್ಕೆ 'ತೊಗರಿ'. ಎಲ್ಲರೂ ಒಂದೊಂದು ಎತ್ತಬೇಕು. ಜಾತಿ, ಓಣಿ, ಊರು, ಕ್ರಿಕೆಟ್ ಟೀಮು, ಯಾವುದನ್ನೂ ಗುಂಪಿನ ಹೆಸರು ಮಾಡಬೇಡಿ, ಆಮೇಲೆ ನಿಲ್ಲಿಸೋಕೆ ಆಗಲ್ಲ. ಪ್ರತಿಯೊಬ್ಬರಿಗೂ ಒಂದು ಕಾಗದ. ಮೊದಲ ಆಯ್ಕೆ: ನಿನ್ನ ಗುಂಪಿಗೆ 7 ಶೇಂಗಾ ಚಿಕ್ಕಿ, ಆ ಗುಂಪಿಗೂ 7. ಎರಡನೇದು: ನಿನ್ನ ಗುಂಪಿಗೆ 5, ಆ ಗುಂಪಿಗೆ 1. ಗುರುತು ಹಾಕಿ ಮಡಚಿ ಕೊಡಬೇಕು.

ಲೆಕ್ಕ ಬಂದವರು ಏಳನ್ನೇ ಆರಿಸಬೇಕು, ಅಲ್ವಾ? ನನ್ನ ಕ್ಲಾಸಿನಲ್ಲಿ ಒಂದು ವರ್ಷವೂ ಹಾಗಾಗಲಿಲ್ಲ. ಐದು–ಒಂದಕ್ಕೆ ಸಾಲು ಸಾಲು ಗುರುತು. ತಮ್ಮ ಎರಡು ಚಿಕ್ಕಿ ಹೋದರೂ ಅಡ್ಡಿಯಿಲ್ಲ, ಅವರ ಆರು ಹೋಗಲಿ. ಇದಕ್ಕಿಂತ ನನಗೆ ನೆನಪಿರೋದು ಒಬ್ಬ ಹುಡುಗಿಯ ಮಾತು. ಚೀಟಿ ಎತ್ತಿ ಹತ್ತು ನಿಮಿಷ ಆಗಿರಲಿಲ್ಲ. "ಮೇಡಂ, ಈ ತೊಗರಿಯವ್ರು ಮೊದಲಿಂದಲೂ ಸ್ವಲ್ಪ ಜಂಬದವ್ರೇ ಬಿಡ್ರಿ" ಅಂದಳು. ಮೊದಲಿಂದಲೂ! ನಾನು ಡಬ್ಬಿ ಎತ್ತಿ ತೋರಿಸಿದೆ. ಅವಳೇ ನಕ್ಕಳು, ಆಮೇಲೆ ಮುಖ ಕೆಂಪಾಯಿತು.

ಹದಿನೈದು ನಿಮಿಷದೊಳಗೆ ಆಟ ಮುಗಿಸಿ. ಚೀಟಿ ಹರಿದು ಹಾಕಿಸಿ. ಎಲ್ಲರಿಗೂ ಸಮನಾಗಿ ಚಿಕ್ಕಿ ಕೊಡಿ. ಒಂದು ವರ್ಷ ನಾನು ಚಿಕ್ಕಿ ಕಮ್ಮಿ ತಂದಿದ್ದೆ, ಜೋಳ–ತೊಗರಿ ಜಗಳ ಒಂದು ವಾರ ನಡೆಯಿತು.

ಮಾತು ಕೇಳಿಸಿಕೊಳ್ಳಿ, ಮತ ಕೇಳಬೇಡಿ

ಫತಾಲಿ ಮೊಘದ್ದಮ್ ಅನ್ನೋ ಮನೋವಿಜ್ಞಾನಿ 2005ರಲ್ಲಿ ಭಯೋತ್ಪಾದನೆಯ ಕಡೆಗೆ ಹೋಗೋ ದಾರಿಯನ್ನು ಮೆಟ್ಟಿಲಿಗೆ ಹೋಲಿಸಿದರು. ನೆಲದ ಮೇಲೆ ಲಕ್ಷಾಂತರ ಜನ ಇರ್ತಾರೆ, ನಮಗೆ ಅನ್ಯಾಯ ಆಗಿದೆ ಅನ್ನೋರು. ಮೇಲೆ ಐದು ಅಂತಸ್ತು. ಹತ್ತಿದಷ್ಟೂ ಜನ ಕಮ್ಮಿ, ಹತ್ತಿದಷ್ಟೂ ಬಾಗಿಲು ಕಮ್ಮಿ. ಮೇಲಿನ ಅಂತಸ್ತಿನವನ ಹತ್ತಿರ ನಮ್ಮಂಥವರಿಗೆ ಕೆಲಸ ಇಲ್ಲ. ನಮ್ಮ ಕೆಲಸ ಇರೋದು ಒಂದು, ಎರಡರ ಮೇಲೆ ನಿಂತವನ ಹತ್ತಿರ. ಅವನಿಗೆ ಇಳಿಯೋಕೆ ಇನ್ನೂ ಜಾಗ ಇದೆ.

ಎಲ್ಲಿ ನಿಂತಿದ್ದಾನೆ ಅಂತ ತಿಳಿಯೋದು ಹೇಗೆ? ದಾಡಿ, ತಿಲಕ, ಟೋಪಿ, ಶಾಲು ನೋಡಿ ಅಲ್ಲ. ಅದನ್ನು ನೋಡಿ ಹೆದರಿದವರು ನೂರರಲ್ಲಿ ತೊಂಬತ್ತೊಂಬತ್ತು ಸಲ ಸುಮ್ನೆ ಹೆದರಿರ್ತಾರೆ. ಇನ್ನೊಂದು ಹುಡುಗನ ಬದುಕನ್ನೂ ಹಾಳು ಮಾಡಿರ್ತಾರೆ. ನೋಡಬೇಕಾದ್ದು ಮಾತು. "ಆ ಅಂಗಡಿಯವ ನನಗೆ ಮೋಸ ಮಾಡಿದ" ಅನ್ನೋದು ಸಿಟ್ಟು. "ಅವರೆಲ್ಲ ಹಂಗೇ" ಅನ್ನೋದು ಒಂದು ಮೆಟ್ಟಿಲು ಮೇಲೆ. ಮನುಷ್ಯರಿಗೆ ಹುಳ, ಕ್ರಿಮಿ ಅಂತ ಹೆಸರು ಬಂದಾಗ ಇನ್ನೂ ಮೇಲೆ. ಆಫ್ರಿಕಾದ ರುವಾಂಡಾದಲ್ಲಿ 1994ರ ನರಮೇಧದ ಹೊತ್ತಲ್ಲಿ ರೇಡಿಯೊದವರು ಟುಟ್ಸಿ ಸಮುದಾಯದವರನ್ನು ಜಿರಲೆ ಅಂತಲೇ ಕರೆಯುತ್ತಿದ್ದರು. ಹೊಡೆಯೋದಕ್ಕೆ 'ಕೆಲಸ', 'ಸ್ವಚ್ಛ' ಅಂತ ಬೇರೆ ಹೆಸರು ಇಡೋದೂ ಹಾಗೇ. ಆಲ್ಬರ್ಟ್ ಬಂಡೂರಾ ಅನ್ನೋ ಮನೋವಿಜ್ಞಾನಿ ಇದನ್ನೇ ವರ್ಷಗಟ್ಟಲೆ ಬಿಡಿಸಿ ತೋರಿಸಿದರು: ಒಳ್ಳೆಯವನೊಬ್ಬ ಕೆಟ್ಟದ್ದು ಮಾಡಬೇಕಾದರೆ ಮೊದಲು ಅದರ ಹೆಸರು ಬದಲಾಯಿಸ್ತಾನೆ.

ಆ ಹುಡುಗ 'ಹುಳ'ದ ಹಂತದಲ್ಲಿದ್ದ. ಹೇಗೆ ಅಲ್ಲಿಗೆ ಬಂದ ಅಂತ ಆಮೇಲೆ ನಿಧಾನಕ್ಕೆ ಗೊತ್ತಾಯಿತು. ಪೊಲೀಸ್ ಭರ್ತಿಗೆ ಎರಡು ಸಲ ಓಡಿದ್ದ, ಎರಡು ಸಲವೂ ಆಗಲಿಲ್ಲ. ಅಕ್ಕನ ಮದುವೆಯಲ್ಲಿ ಬೀಗರ ಕಡೆಯವರೊಬ್ಬರು "ಏನ್ ಮಾಡ್ಕೊಂಡಿದ್ದಿ?" ಅಂತ ಎಲ್ಲರ ಎದುರು ಕೇಳಿದರು. ಮೊಬೈಲ್ ಕವರ್ ಮಾರೋ ಅಂಗಡಿಯಲ್ಲಿ ಕೆಲಸ ಅನ್ನೋಕೆ ನಾಚಿಕೆ. ಆ ಅಂಗಡಿಗೆ ಬರುತ್ತಿದ್ದ ಗೆಳೆಯನೊಬ್ಬ ಒಂದು ಸಂಜೆ ಚಹಾಕ್ಕೆ ಕರೆದ. ಅಲ್ಲಿದ್ದ 'ಅಣ್ಣ' ಇವನ ಹೆಸರು ನೆನಪಿಟ್ಟುಕೊಂಡ. ಅಷ್ಟೇ ಶುರು.

ಸಿದ್ಧಾಂತ ಎಲ್ಲಿದೆ ಇದರಲ್ಲಿ? ಇಲ್ಲ. ಮಾರ್ಕ್ ಸೇಜ್‌ಮನ್ ಅನ್ನೋ ಮನೋವೈದ್ಯ 172 ಜನ ಜಿಹಾದಿ ಉಗ್ರರ ಹಿನ್ನೆಲೆ ಹುಡುಕಿ 2004ರಲ್ಲಿ ಹೇಳಿದ್ದೂ ಇದೇ. ಹೆಚ್ಚಿನವರು ಗೆಳೆತನ, ನೆಂಟಸ್ತಿಕೆಯ ದಾರಿಯಲ್ಲಿ ಒಳಗೆ ಬಂದವರು. ಆರಿ ಕ್ರುಗ್ಲಾನ್‌ಸ್ಕಿ ಅನ್ನೋ ಮನೋವಿಜ್ಞಾನಿ ಇನ್ನೊಂದು ಸೇರಿಸ್ತಾರೆ: ನಾನೂ ಒಬ್ಬ ಲೆಕ್ಕಕ್ಕಿರೋ ಮನುಷ್ಯ ಅನ್ನಿಸಿಕೊಳ್ಳೋ ಹಸಿವು. ಆ ಮದುವೆ ಮಂಟಪದಲ್ಲಿ ಹುಟ್ಟಿದ್ದು ಆ ಹಸಿವೇ.

ಆಮೇಲೆ ಸಣ್ಣ ಸಣ್ಣ ಕೆಲಸ. ಬೈಕಿಗೆ ಸ್ಟಿಕರ್. ಒಂದು ಮೆಸೇಜ್ ಫಾರ್ವರ್ಡ್. ಒಂದು ರಾತ್ರಿ ಬ್ಯಾನರ್ ಕಟ್ಟೋದು. ಇದಕ್ಕೂ ಹಳೇ ಪ್ರಯೋಗ ಇದೆ, 1966ರದ್ದು, ಕ್ಯಾಲಿಫೋರ್ನಿಯಾದ್ದು. ಮನೆ ಮುಂದೆ ನೋಡೋಕೆ ಅಸಹ್ಯವಾದ ಒಂದು ದೊಡ್ಡ ಬೋರ್ಡ್ ಹಾಕ್ತೀವಿ, 'ಹುಷಾರಾಗಿ ಗಾಡಿ ಓಡಿಸಿ' ಅಂತ, ಒಪ್ಪಿಗೆನಾ ಅಂತ ಕೇಳಿದರೆ ನೂರಕ್ಕೆ 17 ಜನ ಒಪ್ಪಿದರು. ಎರಡು ವಾರ ಮೊದಲು ಅದೇ ಮಾತಿನ ಸಣ್ಣ ಚೀಟಿ ಅಂಟಿಸೋಕೆ ಒಪ್ಪಿದ್ದವರಲ್ಲಿ 76. ಮೊದಲ ಸ್ಟಿಕರ್‌ಗೆ ಬೈದು ಉಪಯೋಗ ಇಲ್ಲ. ಆದರೆ ಎರಡನೇ ಕೆಲಸ ಏನು, ಮೂರನೇದು ಏನು ಅಂತ ಲೆಕ್ಕ ಇಡಿ. ಕೆಲಸ ದೊಡ್ಡದಾಗ್ತಾ ಹೋಗ್ತಿದೆಯಾ, ಅಷ್ಟು ನೋಡಿ.

ಮಾತಾಡೋದು ಹೇಗೆ

ಕಾಕಾ ಮೂರು ತಪ್ಪು ಮಾಡಿಯೇ ನನ್ನ ಹತ್ತಿರ ಬಂದಿದ್ದರು. ಕಪಾಳಕ್ಕೆ ಹೊಡೆದಿದ್ದರು. ಫೋನ್ ಕಸಿದಿದ್ದರು. ಹೈದರಾಬಾದಿನ ಸೋದರಮಾವನ ಮನೆಗೆ ಕಳಿಸ್ತೀನಿ ಅಂದಿದ್ದರು. ಮೂರರಿಂದಲೂ ಆಗಿದ್ದು ಒಂದೇ: ಇದ್ದ ಒಂದು ಹಗ್ಗ ಕತ್ತರಿಸಿ, ಅವನಿಗೆ ಅಣ್ಣನೊಬ್ಬನೇ ಗತಿ ಅನ್ನೋ ಹಾಗಾಯಿತು. ಫೋನ್ ವಾಪಸ್ ಕೊಡಿ, ತಪ್ಪಾಯ್ತು ಅನ್ನಿ ಅಂದೆ. ಅಪ್ಪ ಮಗನಿಗೆ ತಪ್ಪಾಯ್ತು ಅನ್ನೋದಾ? ಎರಡು ಗ್ಲಾಸ್ ಮಜ್ಜಿಗೆ ಆಗೋ ತನಕ ಒಪ್ಪಲಿಲ್ಲ.

ನಾನೂ ತಪ್ಪು ಮಾಡಿದೆ. ಮೊದಲ ಸಲ ಹುಡುಗ ಬಂದಾಗ ಒಂದು ತಾಸು ವಾದ ಹಾಕಿದೆ. ಆ ವಿಡಿಯೊ ಸುಳ್ಳು, ಈ ಅಂಕಿ ಸುಳ್ಳು ಅಂತ. 29 ವರ್ಷದ ಮೇಷ್ಟರಿಕೆ, ಬಿಡೋದು ಹ್ಯಾಗೆ. ಅವನು ಮನೆಗೆ ಹೋಗಿ ನನ್ನ ಪ್ರತಿ ಪ್ರಶ್ನೆಗೂ ಗುಂಪಿನಲ್ಲಿ ಉತ್ತರ ಕೇಳಿಕೊಂಡು, ಮುಂದಿನ ವಾರ ಇನ್ನೂ ಗಟ್ಟಿಯಾಗಿ ಬಂದ. ನಾನೇ ಅವನಿಗೆ ತಾಲೀಮು ಕೊಟ್ಟ ಹಾಗಾಯಿತು.

ಎರಡನೇ ಸಲ ಮನೆಯಲ್ಲಿ ಕೂರಲಿಲ್ಲ. ಕಲಬುರಗಿಯ 'ಅಪ್ಪನ ಕೆರೆ' ದಂಡೆಗೆ ಹೋದೆವು. ಎದುರುಬದುರು ಕೂರಬೇಡಿ, ಪಕ್ಕಪಕ್ಕ ಕೂರಿ, ಕಣ್ಣಿಗೆ ಕಣ್ಣು ಸಿಗದಿದ್ದರೆ ಹುಡುಗರ ಬಾಯಿ ಬೇಗ ಬಿಚ್ಚುತ್ತೆ. ನಡುವೆ ಒಂದು ಕಾಗದದಲ್ಲಿ ಮಿರ್ಚಿ ಭಜಿ ಇತ್ತು.

"ನೀ ಹೋಗದ ದಿನ ಅಲ್ಲಿ ಯಾರರ ನಿನ್ನ ಕೇಳ್ತಾರೇನು ತಮ್ಮಾ?"

"ಕೇಳ್ತಾರ್ರಿ. ಅಣ್ಣ ಫೋನ್ ಮಾಡ್ತಾನ. ಉಂಡೇನು ಅಂತ ಕೇಳ್ತಾನ."

"ಮನ್ಯಾಗ?"

ಉತ್ತರ ಇಲ್ಲ. ಭಜಿ ಮುರಿದು ಒಳಗಿನ ಮೆಣಸಿನಕಾಯಿ ಎಳೆದು ಬದಿಗಿಟ್ಟ. ಬರೀ ಹಿಟ್ಟಿನ ಭಾಗ ತಿಂದ. ಹುಲಿಗೆ ಖಾರ ಆಗಿಬರುತ್ತಿರಲಿಲ್ಲ. ನಾನು ನಗಲಿಲ್ಲ.

"ಆ ಗುಂಪಿನ್ಯಾಗ ಯಾರರ 'ಇದು ಬ್ಯಾಡ' ಅಂದಿದ್ರೇನು?"

"ಒಬ್ಬಾಂವ ಅಂದಿದ್ದ."

"ಈಗ ಎಲ್ಲಿದ್ದಾನ?"

"ತೆಗೆದ್ರು ಅವನ್ನ." ಸ್ವಲ್ಪ ಹೊತ್ತು ಬಿಟ್ಟು ತಾನೇ ಅಂದ, "ಚಲೋ ಹುಡ್ಗ ಇದ್ದರಿ ಅಂವ."

ಅವತ್ತಿಗೆ ಅಷ್ಟು ಸಾಕು ಅಂತ ಎದ್ದೆ. ಆ ಪ್ರಶ್ನೆಯನ್ನು ನಾನು ಸುಮ್ನೆ ಕೇಳಿರಲಿಲ್ಲ. ಸಾಲಮನ್ ಆಶ್ ಅಂತ, 1950ರ ದಶಕದಲ್ಲಿ ಗೆರೆಗಳ ಪ್ರಯೋಗ ಮಾಡಿದವರು. ತೋರಿಸಿದ ಗೆರೆಯಷ್ಟೇ ಉದ್ದದ ಗೆರೆ ಯಾವುದು ಅಂತ ಕಣ್ಣಿಗೆ ಕಾಣ್ತಿದ್ದರೂ, ಸುತ್ತಲಿನವರೆಲ್ಲ ತಪ್ಪು ಹೇಳಿದಾಗ ಸುಮಾರು ಮೂರರಲ್ಲಿ ಒಂದು ಸಲ ಜನ ಅದೇ ತಪ್ಪು ಹೇಳಿದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳೋನಿದ್ದರೆ? ತಪ್ಪು ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳಿಯಿತು. ಸ್ಟ್ಯಾನ್ಲಿ ಮಿಲ್‌ಗ್ರಾಮ್ 1961ರಲ್ಲಿ ಯೇಲ್‌ನಲ್ಲಿ ಶುರು ಮಾಡಿದ ಕರೆಂಟ್ ಶಾಕ್ ಪ್ರಯೋಗವೂ ಅಷ್ಟೇ. ಶಾಕ್ ಸುಳ್ಳು, ಕೊಡೋರಿಗೆ ಗೊತ್ತಿಲ್ಲ. ಪ್ರಯೋಗ ನಡೆಸೋ ಬೂದು ಕೋಟಿನವನ ಮಾತು ಕೇಳಿ 40ರಲ್ಲಿ 26 ಜನ ಕೊನೆಯ 450 ವೋಲ್ಟ್ ತನಕ ಹೋದರು. ಪಕ್ಕದ ಇಬ್ಬರು "ನಾವು ಒಲ್ಲೆ" ಅಂತ ಎದ್ದಾಗ, 40ರಲ್ಲಿ ಕೊನೆ ತನಕ ಹೋದವರು ನಾಲ್ಕೇ ಜನ. ಗುಂಪಿನವರು ಬೇಡ ಅಂದವನನ್ನು ಮೊದಲು ತೆಗೆಯೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ತೆಗೆದ ಆ ಹುಡುಗನನ್ನು ಹುಡುಕಿ, ನಿಮ್ಮ ಮಗನ ಜೊತೆ ಮತ್ತೆ ಚಹಾ ಕುಡಿಯೋ ಹಾಗೆ ಮಾಡಿ. ಊರಿನ ಹಿರಿಯರು ಹತ್ತು ಜನ ಬುದ್ಧಿ ಹೇಳೋದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತೆ.

ಕಾಕಾನಿಗೆ ಕೊಟ್ಟ ಕೆಲಸ ಒಂದೇ. ದಿನಾ ರಾತ್ರಿ ಫೋನ್ ಮಾಡಿ "ಉಂಡೇನು?" ಅನ್ನಬೇಕು, ಬೇರೇನೂ ಕೇಳಬಾರದು. "ಅಷ್ಟಕ್ಕ ಏನಾಗ್ತದ್ರಿ ಅಕ್ಕೋರೆ?" ಅಂದರು. ಆ ಅಣ್ಣ ಇಷ್ಟೆಲ್ಲ ಮಾಡಿದ್ದು ಆ ಒಂದು ಮಾತಿನ ಮೇಲೇ ಅಲ್ವಾ ಅಂದೆ.

ಇನ್ನೊಂದು, ಬಿಡುವು. 2008ರ ನವೆಂಬರ್ 26ರಂದು ಮುಂಬೈಗೆ ನುಗ್ಗಿ 166 ಜನರನ್ನು ಕೊಂದ ಹತ್ತು ಮಂದಿಗೆ, ದಾಳಿ ನಡೀತಿದ್ದಾಗಲೂ ಪಾಕಿಸ್ತಾನದಿಂದ ಫೋನಿನಲ್ಲಿ ಆಜ್ಞೆ ಬರುತ್ತಲೇ ಇತ್ತು. ಒಬ್ಬನೇ ಕೂತು ಯೋಚಿಸೋ ಸಮಯ ಕೊಡಬಾರದು ಅನ್ನೋದು ಅದರ ಹಿಂದಿನ ಲೆಕ್ಕ ಅಂತ ನನಗನ್ನಿಸುತ್ತೆ. ರಾತ್ರಿ ಎರಡರ ತನಕ ಗುಂಯ್ ಅನ್ನೋ ಫೋನೂ ಅದನ್ನೇ ಮಾಡೋದು. ಫೋನ್ ಕಸಿಯದೆ ಬಿಡುವು ಕೊಡಬೇಕು ಅಂದರೆ ಎರಡೂ ಕೈಗೆ ಕೆಲಸ ಕೊಡಬೇಕು.

ಸಭೆ ಬೇಡ, ಕೆಲಸ ಇರಲಿ

ಶಾಂತಿ ಸಭೆಗಳಲ್ಲಿ ನನಗೆ ನಂಬಿಕೆ ಕಮ್ಮಿ. ಶಾಲು ಹೊದಿಸ್ತಾರೆ, ಫೋಟೊ ತೆಗೀತಾರೆ, ಆಮೇಲೆ ಅವರವರು ಅವರವರ ಗಾಡಿ ಹತ್ತಿ ಹೋಗ್ತಾರೆ. ಮುಜಫರ್ ಶರೀಫ್ 1954ರಲ್ಲಿ ಒಕ್ಲಹೋಮದ ಒಂದು ಬೇಸಿಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಸ್ಪರ್ಧೆ ಇಟ್ಟರು. ಕೆಲವೇ ದಿನದಲ್ಲಿ ಬಾವುಟ ಸುಟ್ಟರು, ಒಬ್ಬರ ಕೋಣೆಗೆ ಒಬ್ಬರು ನುಗ್ಗಿದರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎಸೆದಾಡಿದರು. ಸರಿ ಹೋಗೋಕೆ ಶುರುವಾಗಿದ್ದು ನೀರಿನ ಪೈಪು ಕಟ್ಟಿ, ಲಾರಿ ನಿಂತು, ಎಲ್ಲರೂ ಕೈ ಹಾಕಲೇಬೇಕಾಗಿ ಬಂದ ಮೇಲೆ.

ನಮ್ಮ ಓಣಿಯವರಿಗೆ ಇದನ್ನು ಪ್ರಯೋಗ ಓದಿ ತಿಳಿಯಬೇಕಿಲ್ಲ. ಏಪ್ರಿಲ್‌ನಲ್ಲಿ ನೀರಿನ ಟ್ಯಾಂಕರ್ ಬಂದಾಗ ಪೈಪಿನ ಆ ತುದಿ ಹಿಡಿದವರು ಯಾರು, ಈ ತುದಿ ಯಾರು ಅಂತ ಯಾರೂ ಕೇಳಲ್ಲ.

ಮನೆಯ ಹಳೇ ಕಥೆಗಳ ಬಗ್ಗೆಯೂ ಹೇಳಲೇಬೇಕು. ನಮ್ಮ ಈ ಕಡೆ ಪ್ರತಿ ಮನೆಯಲ್ಲೂ ಒಂದು ರಜಾಕಾರರ (ಹೈದರಾಬಾದ್ ನಿಜಾಮನ ಪರ ನಿಂತ ಸಶಸ್ತ್ರ ದಂಡು) ಕಾಲದ ಕಥೆ ಇದೆ. ನಮ್ಮ ಮನೆಯದು, ಬೀದರ್ ಕಡೆಯ ಹಳ್ಳಿಯಲ್ಲಿ ನಮ್ಮ ಅಜ್ಜಿ ಎರಡು ಮಕ್ಕಳನ್ನು ಕಟ್ಟಿಕೊಂಡು ಹಗೇವಿನಲ್ಲಿ, ಜೋಳ ತುಂಬೋ ಆ ನೆಲದ ಕುಣಿಯಲ್ಲಿ, ಒಂದು ಇಡೀ ರಾತ್ರಿ ಅಡಗಿದ್ದು. ನಾನು ನೂರು ಸಲ ಕೇಳಿದ್ದೆ. ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಕಣಕಿ ಹರಡಿದ್ದು ಯಾರು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ನನಗೆ ನಲವತ್ತಾದ ಮೇಲೆ ಒಂದು ಮದುವೆಯಲ್ಲಿ ಒಬ್ಬ ಮುದುಕರು ಹೇಳಿದರು. ಪಕ್ಕದ ಮುಸ್ಲಿಂ ಮನೆಯವರು. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಬಂದ ಮೇಲೆ ಆ ಮನೆಯವರೂ ಜೀವ ಉಳಿಸಿಕೊಳ್ಳೋಕೆ ರಾತ್ರೋರಾತ್ರಿ ಊರು ಬಿಟ್ಟಿದ್ದರು. ಅದು ನಮ್ಮ ಮನೆ ಕಥೆಯಲ್ಲಿ ಇರಲೇ ಇಲ್ಲ.

ವಮಿಕ್ ವೋಲ್ಕನ್ ಅನ್ನೋ ಮನೋವೈದ್ಯರು ಇಂಥ ನೋವಿಗೆ 'ಆಯ್ದುಕೊಂಡ ಗಾಯ' ಅಂತ ಹೆಸರಿಟ್ಟರು. ಅಜ್ಜಿಯ ಗಾಯವನ್ನು ಮೊಮ್ಮಗ ತನ್ನದೇ ಅಂದುಕೊಳ್ತಾನೆ. ಕಥೆ ಹೇಳೋದು ಬಿಡಬೇಡಿ, ಮುಚ್ಚಿಟ್ಟರೆ ಮೊಬೈಲಿನವರು ಅವರಿಗೆ ಬೇಕಾದ ಹಾಗೆ ಹೇಳ್ತಾರೆ. ಆದರೆ ಕಲ್ಲು ಮುಚ್ಚಿದವರ ಹೆಸರನ್ನೂ ಹುಡುಕಿ ಹೇಳಿ.

ವಾಪಸ್ ಬರೋ ದಾರಿ

ನಾರ್ವೆಯಲ್ಲಿ 1997ರಿಂದ, ಹೊಸ ನಾಜಿ ಗುಂಪು ಸೇರಿದ ಹುಡುಗರನ್ನು ಹೊರತರೋ ಕೆಲಸ ನಡೆಯಿತು, ಅದರಲ್ಲಿ ತಂದೆತಾಯಿಗಳದ್ದೇ ಗುಂಪುಗಳಿದ್ದವು. ಡೆನ್ಮಾರ್ಕಿನ ಆರ್ಹುಸ್ ಊರಲ್ಲಿ ಪೊಲೀಸರೂ ಪುರಸಭೆಯೂ ಸೇರಿ ಒಬ್ಬೊಬ್ಬ ಹುಡುಗನಿಗೆ ಒಬ್ಬ ಹಿರಿಯ ಜೊತೆಗಾರನನ್ನು ಕೊಡ್ತಾರೆ. ನಮ್ಮಲ್ಲಿ ಆ ಜೊತೆಗಾರ ಕಾಕಾನೋ, ಮಾಮಾನೋ, ಮೇಷ್ಟ್ರೋ ಆಗಬೇಕು. ಎಲ್ಲರ ಎದುರು ತಪ್ಪೊಪ್ಪಿಸೋದು, ಆಣೆ ಹಾಕಿಸೋದು ಬೇಡ. ಮರ್ಯಾದೆ ಹೋಗಿ ಅಲ್ಲಿಗೆ ಹೋದವನು ಮರ್ಯಾದೆ ಕಳೆದುಕೊಂಡು ವಾಪಸ್ ಬರಲ್ಲ.

ಡಿಸೆಂಬರ್‌ನಲ್ಲಿ ತೊಗರಿ ರಾಶಿಗೆ ಹುಡುಗನನ್ನು ಹೊಲಕ್ಕೆ ಕರೆದರು. ಸಹಾಯಕ್ಕಲ್ಲ, ಲೆಕ್ಕ ನೀನೇ ನೋಡು ಅಂತ. ರಾಶಿ ಮಷಿನ್ ತಂದವನು ಅವನು 'ಹುಳ' ಅಂದಿದ್ದ ಸಮುದಾಯದವನು. ನಡುವೆ ಬೆಲ್ಟ್ ಹರಿಯಿತು. ಇಬ್ಬರೂ ನಾಲ್ಕು ತಾಸು ಮಣ್ಣಲ್ಲಿ ಕೂತು ಅದನ್ನು ಸರಿ ಮಾಡಿದರು, ಒಂದೇ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ ತಿಂದರು. ಕಾಕಾ ಖುಷಿಯಲ್ಲಿ ನನಗೆ ಫೋನ್ ಮಾಡಿದರು. "ನೋಡಿದ್ಯಾ, ಅವರೂ ಚಲೋದವರೇ" ಅಂತ ಮಗನಿಗೆ ಹೇಳಬೇಡಿ, ಏನೂ ನೋಡಿಲ್ಲ ಅನ್ನೋ ಹಾಗಿರಿ ಅಂದೆ. ಅದೇ ರಾತ್ರಿ ಹುಡುಗ ಗುಂಪಿನಲ್ಲಿ ಮತ್ತೊಂದು ಹೊಲಸು ಮೆಸೇಜ್ ಫಾರ್ವರ್ಡ್ ಮಾಡಿದ. ಕಾಕಾ ಮತ್ತೆ ಫೋನ್ ಮಾಡಿದರು, ಈ ಸಲ ಅಳುತ್ತಾ. ಹಗಲಲ್ಲಿ ಬೆಲ್ಟ್ ಕಟ್ಟಿದವನೂ ಅವನೇ, ರಾತ್ರಿ ಫಾರ್ವರ್ಡ್ ಮಾಡಿದವನೂ ಅವನೇ, ಎರಡೂ ಕೆಲವು ದಿನ ಜೊತೆಗೇ ಇರ್ತವೆ ಅಂದೆ.

ಈಗ ಅವನು ಆ ಗುಂಪು ಬಿಟ್ಟಿಲ್ಲ, ಮ್ಯೂಟ್ ಮಾಡಿದ್ದಾನೆ. ಮೊನ್ನೆ ಕಾಕಾ ಕೇಳಿದರು, ಅವನು ಮಲಗಿದಾಗ ಒಂದ್ಸಲ ಫೋನ್ ತೆಗೆದು ನೋಡಲೇನು ಅಂತ. ಬೇಡ ಅಂದೆ. ಬಾವಿ ಮೋಟರ್ ಕೆಟ್ಟಿದೆ ಅಂದಿದ್ದರಲ್ಲ, ಕಲಬುರಗಿಗೆ ರಿವೈಂಡಿಂಗ್ ಮಾಡಿಸೋಕೆ ಅವನ ಕೈಗೇ ದುಡ್ಡು ಕೊಟ್ಟು ಕಳಿಸಿ, ಬರುವಾಗ ನಮ್ಮ ಮನೆಗೆ ಊಟಕ್ಕೆ ಬರಲಿ ಅಂದೆ.